ಮನೆ ನವೀಕರಣಕ್ಕೆ ಲೈಸೆನ್ಸ್ ಕೇಳುವವರು ಯಾರು?

ಮಾನ್ಯ ಸಂಪಾದಕರೇ,

ಮಳೆ ನಿಂತು ದಸರಾ ದಾಟಿತೆಂದರೆ ಮನೆ ರಿಪೇರಿಯ ಕಾಲ. ಬಚ್ಚಲುಮನೆಯ ಹಳೆ ಟೈಲ್ಸ್ ಕೀಳಿಸುವವರು, ಅಡುಗೆಮನೆಗೆ ಮಾಡ್ಯುಲರ್ ಕಪಾಟು ಕೂರಿಸುವವರು, ಹಾಲ್ ದೊಡ್ಡದಾಗಲೆಂದು ನಡುಗೋಡೆ ಒಡೆಸುವವರು, ಗೀಸರ್, ಎಸಿ, ಇಂಡಕ್ಷನ್ ಒಲೆಗೆ ಹೊಸ ಪಾಯಿಂಟ್ ಎಳೆಸುವವರು ಎಲ್ಲ ಬಡಾವಣೆಗಳಲ್ಲೂ ಸಿಗುತ್ತಾರೆ. ಬಣ್ಣ ಯಾವ ಕಂಪನಿಯದು, ಗ್ರಾನೈಟ್ ಎಲ್ಲಿಯದು ಎಂದು ತಿಂಗಳುಗಟ್ಟಲೆ ವಿಚಾರಿಸುವ ಮನೆಯವರು ಕೆಲಸ ಹಿಡಿಯುವವನ ಹತ್ತಿರ ಕೇಳಲೇಬೇಕಾದ ಒಂದು ಮಾತನ್ನು ಮಾತ್ರ ಕೇಳುವುದಿಲ್ಲ: ನಿಮ್ಮ ಲೈಸೆನ್ಸ್ ನಂಬರ್ ಎಷ್ಟು? ತಪ್ಪು ಮನೆಯವರದಷ್ಟೇ ಎನ್ನುವಂತಿಲ್ಲ. ಯಾವ ಕೆಲಸಕ್ಕೆ ಲೈಸೆನ್ಸ್ ಬೇಕು, ಯಾವುದಕ್ಕೆ ಅಂಥದ್ದೊಂದು ಇಲ್ಲವೇ ಇಲ್ಲ ಎಂದು ಯಾರೂ ಅವರಿಗೆ ಬಿಡಿಸಿ ಹೇಳಿಲ್ಲ. ವಿದ್ಯುತ್ ಗುತ್ತಿಗೆ ಮತ್ತು ಕಟ್ಟಡ ದುರಸ್ತಿಯನ್ನೇ ವೃತ್ತಿಯಾಗಿಸಿಕೊಂಡವರು ನಾವು. ಅದನ್ನು ಬಿಡಿಸಿ ಹೇಳಿ, ಸರ್ಕಾರದ ಮುಂದೆ ಒಂದು ಬೇಡಿಕೆ ಇಡಲು ಈ ಪತ್ರ ಬರೆಯುತ್ತಿದ್ದೇವೆ.

ಮೊದಲು ವಿದ್ಯುತ್ ಕೆಲಸ. ಇದಕ್ಕೆ ಕಾನೂನು ಹೊಸದಾಗಿ ಬೇಕಿಲ್ಲ, ಬಹಳ ಹಿಂದೆಯೇ ಇದೆ. 1956ರ ಭಾರತೀಯ ವಿದ್ಯುತ್ ನಿಯಮಗಳ 45ನೇ ನಿಯಮವೇ ಹೇಳಿತ್ತು: ರಾಜ್ಯ ಸರ್ಕಾರದ ಲೈಸೆನ್ಸ್ ಪಡೆದ ಗುತ್ತಿಗೆದಾರ, ಅರ್ಹತಾ ಪತ್ರ ಇರುವ ಮೇಲ್ವಿಚಾರಕನ ಎದುರಿನಲ್ಲಿ, ಪರ್ಮಿಟ್ ಇರುವ ವೈರ್‌ಮನ್ ಕೈಯಲ್ಲಿ ಕೆಲಸ ಮಾಡಿಸಬೇಕು. ಆ ನಿಯಮಗಳು ಹೋಗಿ 2010ರಲ್ಲಿ ಕೇಂದ್ರ ವಿದ್ಯುತ್ ಪ್ರಾಧಿಕಾರದ ಸುರಕ್ಷತಾ ನಿಯಮಾವಳಿ ಬಂತು. 2023ರಲ್ಲಿ ಅದರ ಜಾಗಕ್ಕೆ ಇನ್ನೊಂದು ನಿಯಮಾವಳಿ ಬಂದಿದೆ. ಮೂರರಲ್ಲೂ ಈ ಷರತ್ತು ಉಳಿದುಕೊಂಡಿದೆ. ಓದುಗರು ಗಮನಿಸಬೇಕಾದ ಸಂಗತಿ ಏನೆಂದರೆ, ಷರತ್ತು ಹೊಸ ಮನೆಯ ವೈರಿಂಗ್‌ಗೆ ಸೀಮಿತವಲ್ಲ. ಇರುವ ವೈರಿಂಗ್‌ಗೆ ಸೇರಿಸುವುದು, ಬದಲಿಸುವುದು, ರಿಪೇರಿ ಮಾಡುವುದು ಎಲ್ಲವೂ ಅದರೊಳಗೆ ಬರುತ್ತದೆ. ಬಲ್ಬು, ಫ್ಯಾನು, ಫ್ಯೂಸು, ಸ್ವಿಚ್ಚು, ಮನೆಬಳಕೆಯ ಉಪಕರಣ ಇವುಗಳನ್ನು ವೈರಿಂಗಿನ ಸಾಮರ್ಥ್ಯವಾಗಲಿ ಸ್ವರೂಪವಾಗಲಿ ಬದಲಾಗದಂತೆ ತೆಗೆದು ಬೇರೆಯದು ಹಾಕುವುದಕ್ಕೆ ಮಾತ್ರ ವಿನಾಯಿತಿ. ಕೆಟ್ಟ ಸ್ವಿಚ್ ತೆಗೆದು ಇನ್ನೊಂದು ಹಾಕಲು ಯಾರ ಲೈಸೆನ್ಸೂ ಬೇಡ. ಆದರೆ ಲೈಟ್ ಪಾಯಿಂಟ್‌ನಿಂದ ತಂತಿ ಎಳೆದು ಗೀಸರ್ ಪಾಯಿಂಟ್ ಮಾಡಿದ ಕ್ಷಣದಲ್ಲೇ ಅದು ಲೈಸೆನ್ಸ್ ಬೇಕಾದ ಕೆಲಸವಾಗುತ್ತದೆ.

ಹೀಗಿದ್ದೂ ನಿಯಮ ಜಾರುವುದು ಎಲ್ಲಿ? ಹೊಸ ಮನೆಗೆ ಕರೆಂಟ್ ಸಂಪರ್ಕ ಕೇಳಿದಾಗ ಬೆಸ್ಕಾಂ, ಮೆಸ್ಕಾಂ, ಸೆಸ್ಕ್, ಹೆಸ್ಕಾಂ, ಜೆಸ್ಕಾಂ ಯಾವುದೇ ಎಸ್ಕಾಂ (ವಿದ್ಯುತ್ ಸರಬರಾಜು ಕಂಪನಿ) ಇರಲಿ, ಲೈಸೆನ್ಸ್ ಇರುವ ಗುತ್ತಿಗೆದಾರ ಸಹಿ ಹಾಕಿದ ಕಾಮಗಾರಿ ಮುಕ್ತಾಯ ವರದಿ ಕೇಳುತ್ತದೆ. ಮೀಟರ್ ಕೂತ ದಿನಕ್ಕೆ ಆ ಪ್ರಶ್ನೆ ಮುಗಿಯಿತು. ಹತ್ತು ವರ್ಷದ ಮೇಲೆ ಅಡುಗೆಮನೆ ಒಡೆದು ಕಟ್ಟುವಾಗ ಮೀಟರ್ ಅಲ್ಲೇ ಇರುತ್ತದೆ, ಕರೆಂಟ್ ಬರುತ್ತಲೇ ಇರುತ್ತದೆ, ಯಾವ ಕಚೇರಿಗೂ ಹೋಗಬೇಕಾಗಿಲ್ಲ, ಯಾರೂ ಸಹಿ ಕೇಳುವುದಿಲ್ಲ. ಮಂಜೂರಾದ ಲೋಡ್ ಹೆಚ್ಚಿಸಲು ಅರ್ಜಿ ಹಾಕಿದರೆ ಅದೊಂದು ದಾರಿಯಲ್ಲಿ ಪರಿಶೀಲನೆ ಆದೀತು. ನಿಗದಿತ ಶುಲ್ಕ ಏರುತ್ತದೆಂದು ಬಹಳ ಮಂದಿ ಅದನ್ನೂ ಹಾಕುವುದಿಲ್ಲ. 2 ಕಿಲೋವ್ಯಾಟ್‌ಗೆ ಮಂಜೂರಾದ ಮನೆಯಲ್ಲಿ 2 ಕಿಲೋವ್ಯಾಟ್ ಗೀಸರ್, 2 ಕಿಲೋವ್ಯಾಟ್ ಇಂಡಕ್ಷನ್, ಒಂದೂವರೆ ಟನ್ ಎಸಿ ಮೂರೂ ಓಡುತ್ತಿರುತ್ತವೆ.

ಆಗ ಗೋಡೆಯೊಳಗೆ ಏನಾಗುತ್ತದೆ ಎಂಬುದನ್ನು ಹೇಳದೆ ಲೈಸೆನ್ಸಿನ ಮಾತು ಬರೀ ಕಾಗದದ ಮಾತಾಗುತ್ತದೆ. 2000 ವ್ಯಾಟ್ ಗೀಸರ್ 230 ವೋಲ್ಟ್‌ನಲ್ಲಿ ಸುಮಾರು 8.7 ಆಂಪಿಯರ್ ಎಳೆಯುತ್ತದೆ. ಲೈಟಿಗೆಂದು ಎಳೆದ 1.5 ಸ್ಕ್ವೇರ್ ಎಂಎಂ ತಾಮ್ರದ ವೈರು ಗೋಡೆಯೊಳಗಿನ ಪೈಪಿನಲ್ಲಿ ಸುಮಾರು 13-14 ಆಂಪಿಯರ್ ಹೊರುತ್ತದೆ. ಗೀಸರ್ ಒಂದೇ ಇದ್ದರೆ ಹೇಗೋ ನಡೆಯುತ್ತದೆ. ಅದೇ ಎಳೆಗೆ ವಾಷಿಂಗ್ ಮೆಷಿನ್ ಸೇರಿದಾಗ 10 ಆಂಪಿಯರ್ ಎಂಸಿಬಿ (ಕರೆಂಟ್ ಮಿತಿ ಮೀರಿದರೆ ತಾನೇ ಕಡಿಯುವ ಸ್ವಿಚ್) ಮತ್ತೆ ಮತ್ತೆ ಬೀಳಲು ಶುರುವಾಗುತ್ತದೆ. ಬೀಳುವುದು ಎಂಸಿಬಿಯ ದೋಷವಲ್ಲ, ಅದು ತನ್ನ ಕೆಲಸ ಮಾಡುತ್ತಿದೆ. ಆದರೆ ಕರೆಸಿದ ಮನುಷ್ಯ 10 ತೆಗೆದು 32 ಹಾಕಿ ಹೋಗುತ್ತಾನೆ, ಮನೆಯವರಿಗೂ ಸಮಾಧಾನ. 32 ಆಂಪಿಯರ್ ಎಂಸಿಬಿಯ ಗುಣ ಏನೆಂದರೆ, ಅದರ ಮಾನಕದ ಪ್ರಕಾರವೇ 36 ಆಂಪಿಯರ್ ಹರಿದರೂ ಒಂದು ಗಂಟೆಯೊಳಗೆ ಅದು ಬೀಳಬೇಕಾಗಿಲ್ಲ. ಅಂದರೆ ಈಗ ಆ ಮನೆಯಲ್ಲಿ ಮೊದಲು ಸುಡುವುದು ಗೋಡೆಯೊಳಗಿನ ವೈರು. ಅದರ ಪಿವಿಸಿ ಹೊದಿಕೆ 70 ಡಿಗ್ರಿ ತಾಪಕ್ಕೆಂದು ಮಾಡಿದ್ದು. ವರ್ಷಗಟ್ಟಲೆ ಅದಕ್ಕಿಂತ ಹೆಚ್ಚು ಕಾದರೆ ಗಡುಸಾಗಿ, ಕಂದಾಗಿ, ಬಾಗಿಸಿದ ಕಡೆ ಬಿರುಕು ಬಿಡುತ್ತದೆ. ಗೀಸರ್‌ಗೆ ಡಿಬಿಯಿಂದಲೇ (ಎಂಸಿಬಿಗಳು ಕೂತಿರುವ ಪೆಟ್ಟಿಗೆ) ಬೇರೆಯಾಗಿ 4 ಸ್ಕ್ವೇರ್ ಎಂಎಂ ವೈರು, ಅದಕ್ಕೆ ತನ್ನದೇ 16 ಅಥವಾ 20 ಆಂಪಿಯರ್ ಎಂಸಿಬಿ, ಜೊತೆಗೆ ಹಸಿರು ಅರ್ಥಿಂಗ್ ವೈರು ಹಾಕುವುದು ಸರಿಯಾದ ಕ್ರಮ. ಎಸಿಗೂ ಇದೇ. ಅಡುಗೆಮನೆಯ 16 ಆಂಪಿಯರ್ ಸಾಕೆಟ್‌ಗಳಿಗೆ ಕನಿಷ್ಠ 2.5 ಸ್ಕ್ವೇರ್ ಎಂಎಂ ವೈರು, ಒಂದು ಎಳೆಯಲ್ಲಿ ಎರಡು ಸಾಕೆಟ್ಟಿಗಿಂತ ಹೆಚ್ಚು ಬೇಡ.

ಇದಕ್ಕಿಂತ ಕೆಟ್ಟದ್ದು ಅರ್ಥಿಂಗ್‌ನ ಕತೆ. ನವೀಕರಣವಾದ ಹಳೆ ಮನೆಯ ಸಾಕೆಟ್ ಬಿಚ್ಚಿದರೆ ಹಲವು ಕಡೆ ಕಾಣುವ ದೃಶ್ಯ ಇದು: ಮೇಲಿನ ದಪ್ಪ ತೂತಿನ ಹಿಂದಿರುವ ಸ್ಕ್ರೂಗೆ ಹಸಿರು ವೈರು ಬಂದಿರುವುದಿಲ್ಲ, ಅದರ ಬದಲು ಎರಡಿಂಚಿನ ಕಪ್ಪು ವೈರಿನ ತುಂಡೊಂದು ಪಕ್ಕದ ನ್ಯೂಟ್ರಲ್ (ಕರೆಂಟ್ ಹಿಂದಿರುಗುವ ವೈರು) ಸ್ಕ್ರೂಗೆ ಸೇರಿರುತ್ತದೆ. ಹಳೆ ಪೈಪಿನಲ್ಲಿ ಮೂರನೇ ವೈರು ನುಗ್ಗಲಿಲ್ಲ, ಗೋಡೆ ಮತ್ತೆ ಕೊರೆಯುವ ಬದಲು ಹೀಗೆ ಮಾಡಿಬಿಟ್ಟರು. ಎಲ್ಲ ಸರಿ ಇದ್ದಾಗ ಏನೂ ತಿಳಿಯುವುದಿಲ್ಲ, ಟೆಸ್ಟರ್‌ಗೂ ತಿಳಿಯುವುದಿಲ್ಲ. ಎಂದೋ ಒಂದು ದಿನ ಸ್ವಿಚ್‌ಬೋರ್ಡಿನಲ್ಲೋ ಡಿಬಿಯಲ್ಲೋ ನ್ಯೂಟ್ರಲ್ ಸ್ಕ್ರೂ ಸಡಿಲವಾಗಿ ಕಳಚಿಕೊಂಡರೆ, ಫೇಸ್‌ನಿಂದ ಬಂದ ಕರೆಂಟು ಗೀಸರಿನ ಕಾಯಿಲ್ ದಾಟಿ, ಆ ಎರಡಿಂಚಿನ ತುಂಡಿನ ಮೂಲಕ ಗೀಸರಿನ ಲೋಹದ ಮೈಗೆ ಬಂದು ನಿಲ್ಲುತ್ತದೆ. ಕೆಳಗೆ ನಲ್ಲಿ ಹಿಡಿದು ಒದ್ದೆ ನೆಲದ ಮೇಲೆ ನಿಂತವರಿಗೆ ಪೂರ್ತಿ 230 ವೋಲ್ಟ್.

ಮಲ್ಟಿಮೀಟರ್ ಹಿಡಿಯಬಲ್ಲ ಯಾರೇ ಆದರೂ ಇದನ್ನು ಕಂಡುಹಿಡಿಯಬಹುದು. ಅದೇ ಬೋರ್ಡಿನ ಮೇಲೆ ಗೀಸರ್ ಅಥವಾ ಇಸ್ತ್ರಿಪೆಟ್ಟಿಗೆಯಂಥ ಭಾರಿ ಉಪಕರಣ ಓಡುತ್ತಿರುವಾಗ ನ್ಯೂಟ್ರಲ್‌ಗೂ ಅರ್ಥ್‌ಗೂ ನಡುವೆ ಅಳೆಯಬೇಕು. ನ್ಯೂಟ್ರಲ್ ವೈರಿನಲ್ಲಿ ಕರೆಂಟ್ ಹರಿಯುವುದರಿಂದ ಒಂದೆರಡು ವೋಲ್ಟ್ ಕಾಣಿಸುವುದು ಸಹಜ. ಲೋಡ್ ಇದ್ದೂ ಮೀಟರ್ ಶುದ್ಧ ಸೊನ್ನೆ ತೋರಿಸಿದರೆ ಅಲ್ಲಿ ಎರಡನ್ನೂ ಕೂಡಿಸಿರುವ ಅನುಮಾನ ಬಲವಾಗುತ್ತದೆ, ಸಾಕೆಟ್ ಬಿಚ್ಚಿ ನೋಡಲೇಬೇಕು. ನೋಡುವ ಮೊದಲು ಮೇನ್ ಆಫ್ ಮಾಡಿ.

30 ಮಿಲಿಆಂಪಿಯರ್ ಆರ್‌ಸಿಸಿಬಿ (ಕರೆಂಟ್ ಸೋರಿದರೆ ತಾನೇ ಕಡಿಯುವ ಸ್ವಿಚ್) ಹಾಕಿದ್ದರೆ ಇಂಥ ಸೋರಿಕೆಯಲ್ಲಿ ಅದು ಕ್ಷಣಾರ್ಧದಲ್ಲಿ ಬೀಳುತ್ತದೆ. ಆದರೆ ಎಷ್ಟೋ ಮನೆಗಳಲ್ಲಿ ಆರ್‌ಸಿಸಿಬಿ ಇದ್ದೂ ಇಲ್ಲದಂತಾಗಿದೆ. ಹೊಸದಾಗಿ ಹಾಕಿದ ದಿನವೇ ಅದು ಬೀಳತೊಡಗುತ್ತದೆ. ಕಾರಣ, ನವೀಕರಣದಲ್ಲಿ ಒಂದು ಕೋಣೆಯ ಫೇಸ್‌ಗೆ ಇನ್ನೊಂದು ಕೋಣೆಯ ನ್ಯೂಟ್ರಲ್ ಎರವಲು ಪಡೆದಿರುತ್ತಾರೆ. ಹೋದ ಕರೆಂಟು ಬೇರೆ ದಾರಿಯಲ್ಲಿ ಹಿಂದಿರುಗಿದರೆ ಆರ್‌ಸಿಸಿಬಿಗೆ ಅದು ಸೋರಿಕೆಯಂತೆಯೇ ಕಾಣುತ್ತದೆ. ಎರವಲು ನ್ಯೂಟ್ರಲ್ ಹುಡುಕಿ ಬೇರ್ಪಡಿಸಲು ಅರ್ಧ ದಿನ ಬೇಕು. ಆರ್‌ಸಿಸಿಬಿಯ ಮೇಲೂ ಕೆಳಗೂ ಒಂದು ವೈರು ಜೋಡಿಸಿ ಬೈಪಾಸ್ ಮಾಡಲು ಐದು ನಿಮಿಷ ಸಾಕು. ಡಿಬಿಯಲ್ಲಿ ಪೆಟ್ಟಿಗೆ ಕಾಣುತ್ತದೆ, ರಕ್ಷಣೆ ಇಲ್ಲ. ಓದುಗರು ಅದರ ಮೇಲಿರುವ ಟಿ ಗುಂಡಿಯನ್ನು ತಿಂಗಳಿಗೊಮ್ಮೆ ಒತ್ತಿ ನೋಡಲಿ. ಕರೆಂಟ್ ಇರುವಾಗ ಒತ್ತಿದರೂ ಅದು ಬೀಳದಿದ್ದರೆ, ಅಥವಾ ಬಿದ್ದರೂ ಮನೆಯ ದೀಪ ಆರದಿದ್ದರೆ, ಕೂಡಲೇ ಗೊತ್ತಿರುವವರನ್ನು ಕರೆಸಬೇಕು. ಆರ್‌ಸಿಸಿಬಿ ಓವರ್‌ಲೋಡ್‌ಗೆ ಬೀಳುವುದಿಲ್ಲ ಎಂಬುದೂ ನೆನಪಿರಲಿ, ಅದಕ್ಕೆ ಎಂಸಿಬಿ ಬೇರೆಯೇ ಬೇಕು.

ಈ ಮೂರೂ ತಪ್ಪುಗಳು ಒಂದೇ ಒಂದು ಹಾಳೆಯ ಪರೀಕ್ಷಾ ವರದಿಯಲ್ಲಿ ಸಿಕ್ಕಿಬೀಳುತ್ತವೆ. ಮೇನ್ ಆಫ್ ಮಾಡಿ, ಬಲ್ಬು, ಫ್ಯಾನ್ ರೆಗ್ಯುಲೇಟರ್, ಉಪಕರಣ ಎಲ್ಲ ಕಳಚಿ, ಫೇಸು-ನ್ಯೂಟ್ರಲ್ ಸೇರಿಸಿ, ಅರ್ಥ್‌ಗೆ ಎದುರಾಗಿ 500 ವೋಲ್ಟ್ ಮೆಗ್ಗರ್ (ಇನ್ಸುಲೇಷನ್, ಅಂದರೆ ವೈರಿನ ಹೊದಿಕೆಯ ತಡೆ ಅಳೆಯುವ ಮೀಟರ್) ಒಂದು ನಿಮಿಷ ಕೊಟ್ಟಾಗ ಇನ್ಸುಲೇಷನ್ ಕನಿಷ್ಠ 1 ಮೆಗಾಓಮ್ ಇರಬೇಕು. ಇದು ನಿಯಮಾವಳಿಯಲ್ಲೇ ಇದ್ದ ಅಂಕಿ. ಒಳ್ಳೆಯ ಹೊಸ ವೈರಿಂಗ್ ಇದಕ್ಕಿಂತ ಎಷ್ಟೋ ಪಟ್ಟು ಹೆಚ್ಚು ತೋರಿಸುತ್ತದೆ. ಒಂದೆರಡರ ಆಸುಪಾಸಿನಲ್ಲಿ ಬಂದರೆ ಎಲ್ಲೋ ತೇವ ಅಥವಾ ಮೊಳೆ ತಗುಲಿದೆ ಎಂದೇ ನಾವು ಹುಡುಕಲು ಹೊರಡುತ್ತೇವೆ. ಆಮೇಲೆ ಪ್ರತಿ ಸಾಕೆಟ್ಟಿನ ಅರ್ಥ್ ನಿಜವಾಗಿ ಅರ್ಥ್ ಪಿಟ್ (ನೆಲದಲ್ಲಿ ಅರ್ಥಿಂಗ್ ಹೂತಿರುವ ಗುಂಡಿ) ತಲುಪಿದೆಯೇ, ಆರ್‌ಸಿಸಿಬಿ ಎಷ್ಟು ಮಿಲಿಆಂಪಿಯರ್‌ಗೆ ಎಷ್ಟು ಮಿಲಿಸೆಕೆಂಡಿನಲ್ಲಿ ಬಿತ್ತು, ಅರ್ಥ್ ಪಿಟ್‌ನ ರೋಧ ಎಷ್ಟು ಓಮ್ ಎಂದು ಬರೆಯಬೇಕು. ಮನೆಗಳಿಗೆ 5 ಓಮ್ ಒಳಗೆ ಇರಲಿ ಎಂದು ನಾವು ನೋಡುತ್ತೇವೆ. ಮಳೆಗಾಲದಲ್ಲಿ ಅಳೆದ ಅಂಕಿ ನಂಬಿ ಕೂರಬಾರದು, ಏಪ್ರಿಲ್‌ನಲ್ಲಿ ಮಣ್ಣು ಒಣಗಿದಾಗ ಅದೇ ಪಿಟ್ ಬೇರೆ ಅಂಕಿ ಕೊಡುತ್ತದೆ. ಇಷ್ಟಕ್ಕೆ ಬೇಕಾಗುವುದು ಎರಡು ಮೂರು ಮೀಟರ್ ಮತ್ತು ಒಂದು ಮಧ್ಯಾಹ್ನ.

ಇಲ್ಲಿ ನಮ್ಮ ವೃತ್ತಿಯವರ ಬಗ್ಗೆಯೇ ಒಂದು ಕಹಿ ಮಾತು ಹೇಳಬೇಕು. ಲೈಸೆನ್ಸ್ ಇರುವವರಲ್ಲೇ ಕೆಲವರು ಸಹಿಯನ್ನು ಬಾಡಿಗೆಗೆ ಕೊಡುತ್ತಾರೆ. ಕೆಲಸ ಮಾಡಿದವನು ಒಬ್ಬ, ಮುಕ್ತಾಯ ವರದಿಗೆ ಸಹಿ ಹಾಕಿದವನು ಇನ್ನೊಬ್ಬ, ಸಹಿ ಹಾಕಿದವನು ಆ ಮನೆಯ ಬಾಗಿಲನ್ನೂ ನೋಡಿರುವುದಿಲ್ಲ. ಮೆಗ್ಗರ್ ಅಂಕಿಯ ಜಾಗದಲ್ಲಿ ಎಲ್ಲ ಮನೆಗೂ ಒಂದೇ ಸಂಖ್ಯೆ. ಲೈಸೆನ್ಸ್ ಕಡ್ಡಾಯ ಮಾಡಿ ಎಂದಷ್ಟೇ ಕೇಳಿದರೆ ಈ ಬಾಡಿಗೆ ವ್ಯಾಪಾರ ಇನ್ನೂ ಚೆನ್ನಾಗಿ ನಡೆಯುತ್ತದೆ, ಅಷ್ಟೆ. ಆದ್ದರಿಂದ ನಮ್ಮ ಬೇಡಿಕೆ ಲೈಸೆನ್ಸಿನ ಜೊತೆಗೆ ವರದಿ, ಆ ವರದಿಯ ಜೊತೆಗೆ ಅಳತೆ ಮಾಡಿದ ವೈರ್‌ಮನ್‌ನ ಪರ್ಮಿಟ್ ಸಂಖ್ಯೆ ಮತ್ತು ಮನೆಯವರ ಸಹಿ. ಮನೆಯವರು ಎದುರಿಗೆ ನಿಂತು ಮೀಟರಿನ ಅಂಕಿ ನೋಡಿ ಸಹಿ ಹಾಕಿದರೆ ಬಾಡಿಗೆ ಸಹಿಗೆ ಬೆಲೆ ಇರುವುದಿಲ್ಲ.

ಇನ್ನು ಗಾರೆ, ಟೈಲ್ಸ್, ವಾಟರ್‌ಪ್ರೂಫಿಂಗ್, ಇಂಟೀರಿಯರ್. ಬೆಂಗಳೂರಿನಲ್ಲಿ ಜಲಮಂಡಳಿಯ ಸಂಪರ್ಕಕ್ಕೆ ಸಂಬಂಧಿಸಿದ ನಲ್ಲಿ, ಒಳಚರಂಡಿ ಕೆಲಸಕ್ಕೆ ಮಂಡಳಿಯ ಲೈಸೆನ್ಸ್ ಇರುವ ಪ್ಲಂಬರ್ ಬೇಕು, 1964ರ ಕಾಯ್ದೆಯ ಕಾಲದಿಂದಲೂ ಆ ವ್ಯವಸ್ಥೆ ಇದೆ. ಮನೆಯೊಳಗೆ ಲಿಫ್ಟ್ ಹಾಕಿಸುವವರು 2012ರ ಕರ್ನಾಟಕ ಲಿಫ್ಟ್ ಕಾಯ್ದೆಯಡಿ ವಿದ್ಯುತ್ ಪರಿವೀಕ್ಷಣಾಲಯದ ಅನುಮತಿ, ಆಮೇಲೆ ಲೈಸೆನ್ಸ್ ಪಡೆಯಬೇಕು. ಇವೆರಡನ್ನು ಬಿಟ್ಟರೆ ಖಾಸಗಿ ಮನೆಯ ಸಿವಿಲ್ ದುರಸ್ತಿ ಹಿಡಿಯುವವನಿಗೆ ಕೆಲಸ ಬರುತ್ತದೆಯೇ ಎಂದು ಪರೀಕ್ಷಿಸಿ ಕೊಡುವ ಕಡ್ಡಾಯ ಲೈಸೆನ್ಸ್ ನಮ್ಮ ರಾಜ್ಯದಲ್ಲಿ ಇಲ್ಲ. ವಿಸಿಟಿಂಗ್ ಕಾರ್ಡಿನಲ್ಲಿ ಕಾಣುವ ಸಂಖ್ಯೆಗಳನ್ನು ನೋಡಿ ಜನ ಮೋಸಹೋಗುವುದು ಇಲ್ಲೇ. ಜಿಎಸ್‌ಟಿ ಸಂಖ್ಯೆ ತೆರಿಗೆಗೆ. ಉದ್ಯಮ್ ನೋಂದಣಿ ಸಣ್ಣ ಉದ್ದಿಮೆ ಎಂದು ತಾನೇ ಘೋಷಿಸಿಕೊಂಡದ್ದಕ್ಕೆ. ಪಾಲಿಕೆಯ ಟ್ರೇಡ್ ಲೈಸೆನ್ಸ್ ಅಂಗಡಿ ತೆರೆದಿರುವ ಜಾಗಕ್ಕೆ. ‘ಕ್ಲಾಸ್ ಒನ್ ಕಂಟ್ರಾಕ್ಟರ್’ ಎಂಬುದು ಲೋಕೋಪಯೋಗಿ ಇಲಾಖೆಯಂಥ ಸರ್ಕಾರಿ ಕಾಮಗಾರಿಯ ಟೆಂಡರ್ ಹಿಡಿಯಲು ಇರುವ ದರ್ಜೆ. ಸೇತುವೆ ಕಟ್ಟಿದವನಿಗೆ ಬಚ್ಚಲುಮನೆಯ ಸೋರಿಕೆ ನಿಲ್ಲಿಸಲು ಬರುತ್ತದೆಂದು ಅದರಿಂದ ಗೊತ್ತಾಗುವುದಿಲ್ಲ.

ರೇರಾ ಇದೆಯಲ್ಲ ಎಂದು ಹಲವರು ಕೇಳುತ್ತಾರೆ. 2016ರ ಆ ಕಾಯ್ದೆ ಬಿಲ್ಡರ್‌ನಿಂದ ಫ್ಲ್ಯಾಟ್ ಕೊಂಡವರಿಗೆ ರಚನಾ ದೋಷಕ್ಕೆ ಐದು ವರ್ಷದ ಹೊಣೆ ಕೊಡಿಸುತ್ತದೆ. ಆದರೆ ಅದೇ ಕಾಯ್ದೆಯ 3ನೇ ಸೆಕ್ಷನ್, ಮಾರಾಟ ಅಥವಾ ಹೊಸ ಹಂಚಿಕೆ ಇಲ್ಲದ ನವೀಕರಣ, ದುರಸ್ತಿ ಕೆಲಸವನ್ನು ನೋಂದಣಿಯಿಂದ ಹೊರಗಿಟ್ಟಿದೆ. ಹೊಸ ಫ್ಲ್ಯಾಟಿನ ಬಚ್ಚಲು ಸೋರಿದರೆ ಬಾಗಿಲು ತಟ್ಟಲು ಒಂದು ಪ್ರಾಧಿಕಾರ ಇದೆ. ಅದೇ ಫ್ಲ್ಯಾಟಿನಲ್ಲಿ ಹತ್ತು ವರ್ಷದ ಮೇಲೆ ಲಕ್ಷಗಟ್ಟಲೆ ಕೊಟ್ಟು ಮಾಡಿಸಿದ ಬಚ್ಚಲು ಸೋರಿದರೆ ಆ ಪ್ರಾಧಿಕಾರಕ್ಕೆ ಸಂಬಂಧವಿಲ್ಲ.

ಸೋರುವುದು ಏಕೆಂದು ನೋಡಿದರೆ ಇಲ್ಲೂ ಪರೀಕ್ಷೆಯ ಅಭಾವವೇ ಕಾಣುತ್ತದೆ. ಟೈಲ್ಸ್ ಮತ್ತು ಗ್ರೌಟ್ ನೀರು ತಡೆಯುತ್ತವೆ ಎಂಬ ನಂಬಿಕೆಯೇ ತಪ್ಪು. ತಡೆಯಬೇಕಾದದ್ದು ಅದರ ಕೆಳಗಿನ ಪದರ. ಸೋರಿಕೆ ಹೆಚ್ಚಾಗಿ ನೆಲದ ನಡುವೆ ಶುರುವಾಗುವುದಿಲ್ಲ. ಗೋಡೆ-ನೆಲ ಸೇರುವ ಮೂಲೆಯಲ್ಲಿ, ನಹಾನಿ ಟ್ರ್ಯಾಪಿನ (ನೆಲದ ನೀರು ಹೊರಹೋಗುವ ಬಾಯಿ) ಸುತ್ತ, ಕಮೋಡ್ ಪೈಪು ಸ್ಲ್ಯಾಬ್ ತೂರಿ ಹೋಗುವ ಕಡೆ ಶುರುವಾಗುತ್ತದೆ. ಪಿವಿಸಿ ಪೈಪಿಗೂ ಕಾಂಕ್ರೀಟಿಗೂ ಬಿಸಿ-ತಣ್ಣಗಿನಲ್ಲಿ ಹಿಗ್ಗುವ ಪ್ರಮಾಣ ಬೇರೆ. ಬರೀ ಸಿಮೆಂಟ್ ಮೆತ್ತಿದರೆ ಕೂದಲೆಳೆಯ ಸೀಳು ಬಿಟ್ಟೇ ಬಿಡುತ್ತದೆ. ಅಲ್ಲಿ ಕುಗ್ಗದ ಗ್ರೌಟ್ ತುಂಬಿ, ಮೂಲೆಗಳನ್ನು ಗುಂಡಗೆ ಮಾಡಿ, ಪದರವನ್ನು ಎರಡು ಕೋಟ್ ಒಂದಕ್ಕೊಂದು ಅಡ್ಡಲಾಗಿ ಬಳಿದು, ಗೋಡೆಯ ಮೇಲೆ ಕನಿಷ್ಠ ಒಂದು ಅಡಿ, ಶವರ್ ಕಡೆ ಆರೇಳು ಅಡಿ ಏರಿಸಬೇಕು. ಆಮೇಲೆ ಟ್ರ್ಯಾಪಿನ ಬಾಯಿ ಕಟ್ಟಿ ಎರಡು ಮೂರು ಇಂಚು ನೀರು ನಿಲ್ಲಿಸಿ, ಗೋಡೆಯ ಮೇಲೆ ಪೆನ್ಸಿಲ್ ಗೆರೆ ಎಳೆದು 48 ಗಂಟೆ ಬಿಡಬೇಕು. ಪಕ್ಕದಲ್ಲೇ ಒಂದು ಬಕೆಟ್‌ನಲ್ಲಿ ಅಷ್ಟೇ ಎತ್ತರ ನೀರಿಟ್ಟು ಅದಕ್ಕೂ ಗೆರೆ ಹಾಕಿದರೆ ಆವಿಯಾಗಿ ಹೋದದ್ದೆಷ್ಟು, ಸೋರಿ ಹೋದದ್ದೆಷ್ಟು ಎಂಬ ವಾದಕ್ಕೆ ಎಡೆಯಿಲ್ಲ. ಕೆಳಮನೆಯ ಚಾವಣಿಯ ಫೋಟೋ ನೀರು ನಿಲ್ಲಿಸುವ ಮೊದಲೊಮ್ಮೆ, ನಂತರ ಒಮ್ಮೆ ತೆಗೆದಿಡಿ. ಈ ಎರಡು ದಿನ ಉಳಿಸಲು ಹೋಗಿ, ಟೈಲ್ಸ್ ಹಾಕಿದ ಆರು ತಿಂಗಳಿಗೆ ಎಲ್ಲ ಒಡೆಸಿದ ಮನೆಗಳು ಪ್ರತಿ ಅಪಾರ್ಟ್‌ಮೆಂಟಿನಲ್ಲೂ ಸಿಗುತ್ತವೆ.

ಗೋಡೆಯ ವಿಷಯ ಇನ್ನೂ ಗಂಭೀರ. ಕಾಲಂ ಇಲ್ಲದ ಹಳೆಯ ಮನೆಗಳಲ್ಲಿ ಗೋಡೆಯೇ ಚಾವಣಿ ಹೊತ್ತಿರುತ್ತದೆ. ಅಂಥ ಗೋಡೆಯಲ್ಲಿ ಪೈಪಿಗಾಗಿ ಕೊರೆಯುವ ಕಾಲುವೆ ನಿಲುವಾಗಿದ್ದರೆ ದಪ್ಪದ ಮೂರನೇ ಒಂದು ಪಾಲು, ಅಡ್ಡಲಾಗಿದ್ದರೆ ಆರನೇ ಒಂದು ಪಾಲು ಮೀರಬಾರದು ಎಂಬುದು ಇಟ್ಟಿಗೆ ಕಟ್ಟಡಗಳ ನಿಯಮ. 9 ಇಂಚಿನ ಗೋಡೆಗೆ ಅಡ್ಡ ಕಾಲುವೆ ಎಂದರೆ 38 ಮಿಲಿಮೀಟರ್ ಅಷ್ಟೆ, 25ರ ಪೈಪು ಕೂರಿಸಿ ಗಾರೆ ಮುಚ್ಚಿದರೆ ಮುಗಿಯಿತು. ಗೋಡೆಯ ಆ ಮಗ್ಗುಲಿನಲ್ಲಿ ಅಡುಗೆಮನೆಯ ಪೈಪು, ಈ ಮಗ್ಗುಲಿನಲ್ಲಿ ಬಚ್ಚಲಿನ ಪೈಪು ಒಂದೇ ಎತ್ತರದಲ್ಲಿ ಓಡಿಸಿದರೆ ಉಳಿಯುವ ಇಟ್ಟಿಗೆ ಎಷ್ಟೆಂದು ಲೆಕ್ಕ ಹಾಕಿ. ಕಟರ್ ಹಿಡಿದ ಹುಡುಗನಿಗೆ ಈ ಲೆಕ್ಕ ಯಾರೂ ಹೇಳಿರುವುದಿಲ್ಲ. ಪೂರ್ತಿ ಗೋಡೆ ತೆಗೆಯುವುದಂತೂ ಸ್ಟ್ರಕ್ಚರಲ್ ಎಂಜಿನಿಯರ್ ಬರವಣಿಗೆಯಲ್ಲಿ ಕೊಡದೆ ಮಾಡುವ ಕೆಲಸವೇ ಅಲ್ಲ.

ಬೇರೆಡೆ ಇದನ್ನು ಹೇಗೆ ಕಟ್ಟಿಕೊಂಡಿದ್ದಾರೆ ಎಂಬುದಕ್ಕೆ ಕ್ಯಾಲಿಫೋರ್ನಿಯಾ ಒಂದು ಉದಾಹರಣೆ. ಅಲ್ಲಿ ಮಕ್ಕಳಿರುವ ಕನ್ನಡದ ಮನೆಗಳಿಗೆ ಇದರ ಪರಿಚಯ ಇದ್ದೇ ಇರುತ್ತದೆ. ಅಲ್ಲಿನ ಗುತ್ತಿಗೆದಾರರ ಲೈಸೆನ್ಸ್ ಮಂಡಳಿ 1929ರಲ್ಲಿ ಶುರುವಾದದ್ದು. ಲೈಸೆನ್ಸ್ ಇಲ್ಲದವನು 500 ಡಾಲರ್‌ಗಿಂತ ಕಡಿಮೆ ಕೆಲಸ ಮಾತ್ರ ಹಿಡಿಯಬಹುದಿತ್ತು. 2025ರ ಜನವರಿ 1ರಿಂದ ಆ ಮಿತಿ 1,000 ಡಾಲರ್ ಆಗಿದೆ, ಕೂಲಿ ಸಾಮಾನು ಎರಡೂ ಸೇರಿ. ಆ ಕೆಲಸಕ್ಕೆ ಕಟ್ಟಡ ಪರ್ಮಿಟ್ ಬೇಕಾಗಿರಬಾರದು, ಅವನ ಕೈಕೆಳಗೆ ಆಳು ಇರಬಾರದು ಎಂಬ ಷರತ್ತೂ ಇದೆ. ಲೈಸೆನ್ಸ್ ಬೇಕೆಂದರೆ ನಾಲ್ಕು ವರ್ಷದ ಕೆಲಸದ ಅನುಭವ, ಪರೀಕ್ಷೆ, 25,000 ಡಾಲರ್ ಬಾಂಡ್. ಮನೆ ನವೀಕರಣದವರಿಗೆಂದೇ ಒಂದು ಪ್ರತ್ಯೇಕ ವರ್ಗವನ್ನು ಇತ್ತೀಚೆಗೆ ಸೇರಿಸಿದ್ದಾರೆ. ನಮಗೆ ಬಹಳ ಹಿಡಿಸಿದ್ದು ಮುಂಗಡದ ನಿಯಮ: ಒಪ್ಪಂದದ ಮೊತ್ತದ ಶೇ 10 ಅಥವಾ 1,000 ಡಾಲರ್, ಎರಡರಲ್ಲಿ ಯಾವುದು ಕಡಿಮೆಯೋ ಅಷ್ಟೇ. ಆಮೇಲಿನ ಕಂತುಗಳೂ ಮುಗಿದ ಕೆಲಸ, ಬಂದ ಸಾಮಾನಿನ ಬೆಲೆ ಮೀರುವಂತಿಲ್ಲ. ಲೈಸೆನ್ಸ್ ಇಲ್ಲದೆ ದೊಡ್ಡ ಕೆಲಸ ಹಿಡಿದವನು ಬಾಕಿಗಾಗಿ ಕೋರ್ಟಿಗೆ ಹೋಗುವಂತಿಲ್ಲ, ಮನೆಯವರು ಕೊಟ್ಟ ಹಣವನ್ನೂ ವಾಪಸು ಕೇಳಬಹುದು. ಇಷ್ಟನ್ನೂ ಹಾಗೇ ತಂದು ಇಲ್ಲಿ ಇಡಿ ಎಂದು ನಾವು ಹೇಳುತ್ತಿಲ್ಲ. ಆ ಬಾಂಡು, ಆ ಶುಲ್ಕ ಹಾಕಿದರೆ ನಮ್ಮ ಸಣ್ಣ ಮೇಸ್ತ್ರಿಗಳು ನಾಳೆಯೇ ಬೀದಿಗೆ ಬರುತ್ತಾರೆ. ಆದರೆ ಸಣ್ಣ ಕೆಲಸಕ್ಕೊಂದು ಮಿತಿ, ಮುಂಗಡಕ್ಕೊಂದು ಮಿತಿ, ಲೈಸೆನ್ಸ್ ಇಲ್ಲದ ಬಿಲ್ಲಿಗೆ ಕಾನೂನಿನ ಬೆಂಬಲವಿಲ್ಲ ಎಂಬ ಮೂರು ಅಂಶಗಳು ಯಾವ ಊರಿಗೂ ಹೊಂದುತ್ತವೆ.

ನಮ್ಮಲ್ಲೇ ಇದಕ್ಕೆ ಮಾದರಿ ಇಲ್ಲದಿಲ್ಲ. 2024ರಲ್ಲಿ ಬಂದ ಪಿಎಂ ಸೂರ್ಯಘರ್ ಯೋಜನೆಯಲ್ಲಿ 3 ಕಿಲೋವ್ಯಾಟ್ ಸೌರಫಲಕಕ್ಕೆ 78,000 ರೂಪಾಯಿ ಸಹಾಯಧನ ಸಿಗಬೇಕಾದರೆ ನೋಂದಾಯಿತ ಸಂಸ್ಥೆಯಿಂದಲೇ ಹಾಕಿಸಬೇಕು, ಅದು ಐದು ವರ್ಷ ನಿರ್ವಹಣೆಯ ಹೊಣೆ ಹೊರಬೇಕು, ಎಸ್ಕಾಂ ಬಂದು ಪರಿಶೀಲಿಸಿ ನೆಟ್ ಮೀಟರ್ ಕೂರಿಸಿದ ಮೇಲೆಯೇ ಹಣ. ಮಹಡಿಯ ಮೇಲಿನ ಫಲಕಕ್ಕೆ ಇಷ್ಟೆಲ್ಲ ಇದೆ. ಅದರ ಕೆಳಗಿನ ಅಡುಗೆಮನೆಯಲ್ಲಿ ಎಳೆದ ವೈರಿಗೆ ಏನೂ ಇಲ್ಲ.

ಹಾಗಾಗಿ ಇಂಧನ ಇಲಾಖೆಗೆ ಮತ್ತು ನಗರಾಭಿವೃದ್ಧಿ ಇಲಾಖೆಗೆ ನಮ್ಮ ವಿನಂತಿ ಹೀಗಿದೆ. ಹೊಸ ಪಾಯಿಂಟ್ ಸೇರಿಸುವ, ರೀವೈರಿಂಗ್ ಮಾಡುವ ಪ್ರತಿ ಕೆಲಸಕ್ಕೂ ಮೇಲೆ ಹೇಳಿದ ಒಂದು ಹಾಳೆಯ ವರದಿಯನ್ನು ಗುತ್ತಿಗೆದಾರನೇ ಎಸ್ಕಾಂಗೆ ಆನ್‌ಲೈನ್‌ನಲ್ಲಿ ಸಲ್ಲಿಸುವಂತಾಗಲಿ. ಮನೆಯವರಿಂದ ಶುಲ್ಕ ಬೇಡ, ಲೋಡ್ ಹೆಚ್ಚಾಗಿದೆ ಎಂದು ಹಳೆಯದಕ್ಕೆ ದಂಡ ಹಾಕುವುದೂ ಬೇಡ. ದಂಡದ ಭಯ ಇದ್ದರೆ ಯಾರೂ ವರದಿ ಕೊಡುವುದಿಲ್ಲ, ಈಗ ಮುಚ್ಚಿಡುತ್ತಿರುವುದೂ ಅದೇ ಭಯದಿಂದ. ಲೈಸೆನ್ಸ್ ಅಥವಾ ಪರ್ಮಿಟ್ ಸಂಖ್ಯೆಯನ್ನು ಮೊಬೈಲಿನಲ್ಲಿ ಹೊಡೆದರೆ ಹೆಸರು, ದರ್ಜೆ, ಯಾವತ್ತಿನವರೆಗೆ ಊರ್ಜಿತ ಎಂಬುದು ಕನ್ನಡದಲ್ಲಿ ಬರಲಿ. ಸಿವಿಲ್ ನವೀಕರಣಕ್ಕೆ ಹೊಸದೊಂದು ನೋಂದಣಿ ವರ್ಗ ಬರಲಿ, ಒಂದು ಮಿತಿಗಿಂತ ಹೆಚ್ಚಿನ ಒಪ್ಪಂದಗಳಿಗೆ ಮಾತ್ರ. ಅದರ ಪರೀಕ್ಷೆ ಬರವಣಿಗೆಯದಾಗಿರಬಾರದು ಎಂಬುದನ್ನು ಒತ್ತಿ ಹೇಳುತ್ತೇವೆ. ಶಾಲೆಯ ಮೆಟ್ಟಿಲು ಹತ್ತದ, ಆದರೆ ಕೈಯಲ್ಲಿ ಮೂವತ್ತು ವರ್ಷದ ವಿದ್ಯೆ ಇರುವ ಮೇಸ್ತ್ರಿಗಳು ನಮ್ಮಲ್ಲಿ ಸಾವಿರಾರು ಮಂದಿ ಇದ್ದಾರೆ. ನಾಲ್ಕಡಿ ಚೌಕದ ಬಚ್ಚಲು ಮಾದರಿ ಕೊಟ್ಟು ಪದರ ಹಾಕಿಸಿ, ನೂರಕ್ಕೆ ಒಂದರ ಇಳಿಜಾರು ತೆಗೆಸಿ, ನೀರು ನಿಲ್ಲಿಸಿ ನೋಡಿದರೆ ಅವರ ಪರೀಕ್ಷೆ ಮುಗಿಯಿತು. ಐಟಿಐಗಳಲ್ಲಿ ಇದಕ್ಕೆ ಜಾಗವೂ ಇದೆ, ಕಲಿಸುವವರೂ ಇದ್ದಾರೆ.

ಸರ್ಕಾರ ಏನಾದರೂ ಮಾಡುವವರೆಗೆ ಮನೆಯವರು ಕೈಕಟ್ಟಿ ಕೂರಬೇಕಿಲ್ಲ. ಬಾಯಿಮಾತಿನ ಒಪ್ಪಂದ ಬಿಟ್ಟು ಎರಡು ಪುಟದ ಕಾಗದ ಮಾಡಿಕೊಳ್ಳಿ. ಅದರಲ್ಲಿ ವಿದ್ಯುತ್ ಗುತ್ತಿಗೆದಾರನ ಲೈಸೆನ್ಸ್ ಸಂಖ್ಯೆ, ವೈರಿನ ಅಳತೆ ಮತ್ತು ಕಂಪನಿ, ಪ್ರತಿ ಎಂಸಿಬಿಯ ಆಂಪಿಯರ್, ವಾಟರ್‌ಪ್ರೂಫಿಂಗ್ ಪದರದ ಹೆಸರು ಮತ್ತು ಎಷ್ಟು ಕೋಟ್ ಎಂಬುದು ಬರಲಿ. ‘ಒಳ್ಳೆ ಕ್ವಾಲಿಟಿ ಸಾಮಾನು’ ಎಂದು ಬರೆದರೆ ಏನನ್ನೂ ಬರೆದಂತಾಗುವುದಿಲ್ಲ. ಅರ್ಧ ಹಣ ಮುಂಗಡ ಕೇಳುವ ರೂಢಿಗೆ ಒಪ್ಪಬೇಡಿ. ಶೇ 10 ಕೊಟ್ಟು, ಸಾಮಾನನ್ನು ನೀವೇ ಅಂಗಡಿಯಿಂದ ಬಿಲ್ ಹಾಕಿಸಿ ತಂದರೆ ಮೇಸ್ತ್ರಿಗೂ ಹಣದ ಮುಗ್ಗಟ್ಟು ಬರುವುದಿಲ್ಲ. ವೈರ್ ಎಳೆದು ಮೆಗ್ಗರ್ ಪರೀಕ್ಷೆ ಆದ ಮೇಲೆ ಒಂದು ಕಂತು, 48 ಗಂಟೆಯ ನೀರಿನ ಪರೀಕ್ಷೆ ಆದ ಮೇಲೆ ಒಂದು ಕಂತು, ಕೊನೆಯ ಶೇ 10 ಒಂದು ಮಳೆಗಾಲ ದಾಟಿದ ಮೇಲೆ. ಗೋಡೆ ಮುಚ್ಚುವ ಮೊದಲು ಪ್ರತಿ ಗೋಡೆಯ ಮೇಲೂ ಟೇಪ್ ಹಿಡಿದು ಪೈಪು ಹೋದ ದಾರಿಯ ಫೋಟೋ ತೆಗೆದಿಡಿ, ನಾಳೆ ಮೊಳೆ ಹೊಡೆಯುವಾಗ ಬೇಕಾಗುತ್ತದೆ.

ಕೆಲಸ ಕೆಟ್ಟರೆ ಗ್ರಾಹಕರ ಆಯೋಗದ ದಾರಿ ಇದೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಮನೆ ನಿರ್ಮಾಣವನ್ನು ಸೇವೆ ಎಂದೇ ಗುರುತಿಸಿದೆ. ಕೊಟ್ಟ ಹಣ 50 ಲಕ್ಷ ರೂಪಾಯಿ ಮೀರದಿದ್ದರೆ ಜಿಲ್ಲಾ ಆಯೋಗಕ್ಕೇ ಹೋಗಬಹುದು, 5 ಲಕ್ಷದವರೆಗೆ ಶುಲ್ಕವೂ ಇಲ್ಲ, ವಕೀಲರು ಕಡ್ಡಾಯವೂ ಅಲ್ಲ. ಎರಡು ವರ್ಷದೊಳಗೆ ದೂರು ಕೊಡಬೇಕು, ಇ-ಜಾಗೃತಿ ಪೋರ್ಟಲ್‌ನಲ್ಲಿ ಮನೆಯಿಂದಲೇ ಸಲ್ಲಿಸಬಹುದು. ಅಲ್ಲಿ ಬೇಕಾಗುವುದು ಕಾಗದ, ಬಿಲ್ಲು, ಬ್ಯಾಂಕ್ ಮೂಲಕ ಕೊಟ್ಟ ಹಣದ ದಾಖಲೆ, ಮೇಲೆ ಹೇಳಿದ ಫೋಟೋಗಳು. ನಗದು ಕೊಟ್ಟು ಬಾಯಿಮಾತಿನಲ್ಲಿ ಮಾಡಿಸಿದವರು ಅಲ್ಲಿ ಸೋಲುವುದೇ ಹೆಚ್ಚು.

ಪರೀಕ್ಷಾ ವರದಿಯ ಒಂದು ಪ್ರತಿಯನ್ನು ಡಿಬಿ ಬಾಗಿಲಿನ ಒಳಮೈಗೆ ಅಂಟಿಸಿಬಿಡಿ. ಯಾವ ಎಂಸಿಬಿ ಯಾವ ಕೋಣೆಗೆ, ವೈರು ಎಷ್ಟರದು, ಕೊನೆಯ ಬಾರಿ ಅರ್ಥ್ ಅಳೆದದ್ದು ಯಾವ ತಿಂಗಳು ಎಂಬುದು ಅದರಲ್ಲಿರಲಿ. ಐದು ವರ್ಷದ ಮೇಲೆ ಬರುವ ವೈರ್‌ಮನ್ 16ರ ಎಂಸಿಬಿ ತೆಗೆದು 32 ಹಾಕಲು ಕೈಚಾಚಿದಾಗ, ‘ವೈರು 2.5’ ಎಂಬ ಆ ಸಾಲು ಅವನ ಕಣ್ಣೆದುರಿಗೇ ಇರುತ್ತದೆ.

ಇಂತಿ ತಮ್ಮ ವಿಶ್ವಾಸಿಗಳು,
ವಿದ್ಯುತ್ ಮತ್ತು ಕಟ್ಟಡ ದುರಸ್ತಿ ವೃತ್ತಿಯವರು, ಮೈಸೂರು